ಶನಿವಾರದ ನೀರು

ನೀರು ತುಂಬುವ ಹಬ್ಬದ ರಾತ್ರಿ ನೀರೊಲೆಯ ಮುಂದೆ ಕೂರುವುದು ನಮ್ಮ ಮನೆಯಲ್ಲಿ ಅತ್ತೆಯ ಕಾಲದಿಂದ ಬಂದದ್ದು. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಹಂಡೆ, ಅದರ ಕೊರಳಿಗೆ ಸುತ್ತಿದ ಬಳ್ಳಿ, ಮೈಮೇಲೆ ಸುಣ್ಣ ಕೆಮ್ಮಣ್ಣಿನ ಗೀಟು. ಕೆಳಗೆ ಹಿಪ್ಪುನೇರಳೆ ಕಡ್ಡಿ ಚಟಚಟ ಉರಿಯುತ್ತಿರುತ್ತದೆ. ಬೆಳಗಿನ ಎಣ್ಣೆಸ್ನಾನಕ್ಕೆ ನೀರು ಕಾದಿರಬೇಕಲ್ಲ, ಒಲೆ ಆರದಂತೆ ನೋಡಿಕೊಳ್ಳುವ ನೆಪದಲ್ಲಿ ಎಲ್ಲರೂ ಅಲ್ಲೇ ಸೇರುತ್ತಾರೆ. ಈ ಸಲ ಮೊಮ್ಮಗಳು ಕೇಳಿದಳು: "ಅಜ್ಜಿ, ಎಲ್ಲರ ಮನೇಲೂ ಸುಮ್ನೆ ನೀರು ಹುಯ್ಕೋತಾರೆ. ನಮ್ಮನೇಲಿ ಮಾತ್ರ ಯಾಕೆ ಬಕೆಟ್ಟಿಗೆ ಥರ್ಮಾಮೀಟರ್ ಹಾಕ್ತಾರೆ?"

ಕಡ್ಡಿ ಮುರಿಯುತ್ತಿದ್ದ ಅವಳಪ್ಪ, ಅಂದರೆ ನನ್ನ ಮಗ, ತಲೆಯೆತ್ತಿ ನನ್ನ ಕಡೆ ನೋಡಿದ. "ನೀನೇ ಹೇಳವ್ವ. ನಂಗೇನು ಗೊತ್ತು? ಅದು ಬಂದಾಗೆಲ್ಲ ನಾನು ಇರ್ತಾನೇ ಇರ್ಲಿಲ್ಲವಲ್ಲ."

ಆ ಮಾತು ನಿಜ. ಮೂರ್ಛೆ ಬಂದವರಿಗೆ ಆ ಎರಡು ನಿಮಿಷ ಇರುವುದೇ ಇಲ್ಲ. ಅದು ಇರುವುದು ನೋಡಿದವರ ಬಳಿ. ಆ ನಿಮಿಷಗಳನ್ನು ಇಪ್ಪತ್ತೈದು ವರ್ಷದಿಂದ ಇಟ್ಟುಕೊಂಡಿರುವವಳು ನಾನು. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕೊಳ್ಳೇಗಾಲದ ಕಡೆಯ ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ, ಹಿತ್ತಲಲ್ಲಿ ರೇಷ್ಮೆ ಹುಳುಮನೆ. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಮೇಡಂ. 1999ರ ಕಾರ್ತಿಕದ ಒಂದು ಶನಿವಾರ, ಆರು ವರ್ಷದ ಮಗನಿಗೆ ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ತಲೆಗೆ ನೀರು ಹುಯ್ದು, ಟವೆಲು ಸುತ್ತಿ ಪಡಸಾಲೆಗೆ ಕಳಿಸಿದೆ. ಹಿಂದಿನಿಂದ ನಾನು ಬರುವಷ್ಟರಲ್ಲಿ ಅವನು ದೇವರ ಮನೆಯ ಹೊಸ್ತಿಲ ಹತ್ತಿರ ನಿಂತು ಗೋಡೆಯನ್ನೇ ನೋಡುತ್ತಿದ್ದ. ಬಾಯಲ್ಲಿ ಏನೋ ಚಪ್ಪರಿಸುತ್ತಿದ್ದ. "ಪುಟ್ಟ" ಎಂದರೆ ಓಗೊಡಲಿಲ್ಲ. ಹಾಗೇ ಕುತ್ತಿಗೆ ಒಂದು ಕಡೆಗೆ ತಿರುಗಿತು, ಕೈ ಸೆಟೆಯಿತು, ನಿಂತವನು ನಿಂತಂತೆಯೇ ಕೆಳಗೆ ಬಿದ್ದ.

ಅತ್ತೆ ಅಡುಗೆಮನೆಯಿಂದ ಓಡಿಬಂದು ಬೀಗದ ಕೈ ಗೊಂಚಲನ್ನು ಅವನ ಅಂಗೈಗೆ ತುರುಕಿದರು. ಪಕ್ಕದ ಮನೆಯವರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಯಾರೋ ಚಮಚ ತಂದು ಹಲ್ಲಿನ ನಡುವೆ ಇಡಲು ನೋಡಿದರು. ಎರಡು ನಿಮಿಷವೋ ಎರಡೂವರೆಯೋ ಇರಬೇಕು. ಅಷ್ಟೂ ಹೊತ್ತು ನಾನು ಅವನ ಒದ್ದೆ ತಲೆಯನ್ನು ಹಿಡಿದುಕೊಂಡು ಕೂತಿದ್ದೆ. ಆಮೇಲೆ ಅವನು ಉಸಿರೆಳೆದುಕೊಂಡ, ಹೊರಳಿ ಮಲಗಿದ, ಎದ್ದು "ಅವ್ವ, ಹಸಿವು" ಎಂದ.

ಬಾಲಗ್ರಹ ಎಂದರು ಅತ್ತೆ. ಒಂದೇ ಸಲ ಬಂದದ್ದು, ಹೋಯಿತು ಎಂದುಕೊಂಡೆವು. ಮೂರು ವಾರಕ್ಕೆ ಮತ್ತೆ ಬಂತು. ಅದೂ ಶನಿವಾರ. ಆಮೇಲೆ ಧನುರ್ಮಾಸದಲ್ಲಿ ಎರಡು ಸಲ, ಎರಡೂ ಶನಿವಾರ. ಊರಿನಲ್ಲಿ ಈ ಲೆಕ್ಕ ಹಾಕಲು ಪಂಡಿತರೇ ಬೇಕಿರಲಿಲ್ಲ. ಶಾಸ್ತ್ರ ಕೇಳಲು ಹೋದ ಕಡೆಯೂ ಅದನ್ನೇ ಹೇಳಿದರು: ಶನಿಯ ಕಾಟ. ಒಂಬತ್ತು ಶನಿವಾರ ಎಳ್ಳುಬತ್ತಿ ಹಚ್ಚಬೇಕು, ಮನೆಯಲ್ಲಿ ಒಂದು ರಾತ್ರಿ ಶನಿಮಹಾತ್ಮೆ ಓದಿಸಬೇಕು.

ಮಾಡಿದೆವು. ನಾನು ಓದಿದವಳು, ಮಕ್ಕಳಿಗೆ ವಿಜ್ಞಾನ ಪಾಠ ಹೇಳುವವಳು. ಆದರೂ ಮಾಡಿದೆ. ಮಗು ನೆಲದ ಮೇಲೆ ಸೆಟೆದು ಬಿದ್ದಿರುವುದನ್ನು ಕಂಡ ತಾಯಿ ಎಳ್ಳುಬತ್ತಿಯನ್ನೂ ಹಚ್ಚುತ್ತಾಳೆ, ಇನ್ನೊಬ್ಬರು ಹೇಳಿದ ತಾಯಿತವನ್ನೂ ಕಟ್ಟುತ್ತಾಳೆ. ಅದಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಎದೆಯಲ್ಲಿ ಉಳಿದಿರುವ ನೋವೇ ಬೇರೆ. ಶನಿದೇವರ ಗುಡಿಗೆ ಮಗುವನ್ನು ಕರೆದುಕೊಂಡು ಹೋಗಬೇಕಾದರೆ ತಲೆಗೆ ಸ್ನಾನ ಮಾಡಿಸದೆ ಹೋಗುವಂತಿಲ್ಲವಲ್ಲ. ಪುಷ್ಯಮಾಸದ ಚಳಿ, ಹಾಗಾಗಿ ನೀರು ಇನ್ನೂ ಬಿಸಿ. ಮೂರನೆಯ ಎಳ್ಳುಬತ್ತಿಯ ದಿನ ಹೊರಡುವ ಮೊದಲೇ, ಜಗಲಿಯ ಮೇಲೆ ಅಂಗಿಯ ಗುಂಡಿ ಹಾಕುತ್ತಿದ್ದಾಗಲೇ ಬಿದ್ದ. ಐದನೆಯ ಶನಿವಾರವೂ ಅಷ್ಟೇ. "ಗುಡಿಗೆ ಹೊರಟ್ರೆ ತಡೀತಾನೆ ನೋಡು, ಎಷ್ಟು ಕಾಟ ಕೊಡ್ತಾನೆ" ಎಂದು ಅತ್ತೆ ಅತ್ತರು.

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟೆವು. ಅಂತರಗಂಗೆಯ ತಣ್ಣೀರಿನಲ್ಲಿ ಮುಳುಗೆದ್ದ ಮಗ ಬೋಳುತಲೆಗೆ ಗಂಧ ಹಚ್ಚಿಸಿಕೊಂಡು ನಗುತ್ತಾ ನಿಂತಿದ್ದ. ಏನೂ ಆಗಲಿಲ್ಲ. ಅಲ್ಲಿಂದ ಮೂರು ತಿಂಗಳು ಮೂರ್ಛೆಯ ಸುಳಿವೇ ಇಲ್ಲ. ಮಾದಪ್ಪ ಕಣ್ಣು ಬಿಟ್ಟ ಎಂದು ಊರಿಗೆಲ್ಲ ಹೇಳಿಕೊಂಡೆವು. ಆ ಮೂರು ತಿಂಗಳು ಬೇಸಿಗೆ. ಮಗ ದಿನಾ ಅಪ್ಪನ ಜೊತೆ ಹೊಲಕ್ಕೆ ಹೋಗಿ ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಬಿದ್ದು ಒದ್ದಾಡಿ ಬರುತ್ತಿದ್ದ. ನೀರೊಲೆ ಹಚ್ಚಿರಲೇ ಇಲ್ಲ. ಇದೆಲ್ಲ ನನ್ನ ಕಣ್ಣ ಮುಂದೆಯೇ ಇತ್ತು.

ಮಳೆ ಹಿಡಿಯಿತು. ಮತ್ತೆ ನೀರೊಲೆ, ಮತ್ತೆ ಶನಿವಾರ. ಜೂನ್ ಮುಗಿಯುವಷ್ಟರಲ್ಲಿ ಎರಡು ಸಲ ಬಂತು. ಹರಕೆಯಲ್ಲಿ ಏನು ಕೊರತೆಯಾಯಿತೋ ಎಂದು ಅತ್ತೆ ಊಟ ಬಿಟ್ಟರು.

ಆಗ ನನ್ನ ಮಗಳು, ಒಂಬತ್ತು ವರ್ಷದವಳು, ಒಂದು ಮಾತು ಹೇಳಿದಳು. ರಾತ್ರಿ ಚಾಪೆಯ ಮೇಲೆ ನನ್ನ ಪಕ್ಕ ಮಲಗಿದ್ದಳು. "ಅವ್ವ, ಅಪ್ಪ ನೀರು ಹುಯ್ದ್ರೆ ಇವ್ನಿಗೆ ಬರಲ್ಲ. ನೀನು ಹುಯ್ದ್ರೇ ಬರೋದು." ನಾನು ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ, ಆದರೆ ಕೈ ಎತ್ತಿದ್ದನ್ನು ಅವಳು ಕಂಡಳು. "ಹಂಗೆಲ್ಲಾ ಅನ್ನಬಾರ್ದು" ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಎಂಟು ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಆಡಿದ ಒಂದೇ ಒಂದು ಸರಿಯಾದ ಮಾತು ಅದು.

ಶಾಲೆಯ ಹೆಡ್‌ಮಾಸ್ಟರು ಒತ್ತಾಯ ಮಾಡಿದ ಮೇಲೆ ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಇಇಜಿ ಮಾಡಬೇಕು, ಎಣ್ಣೆ ಜಿಡ್ಡು ಇರಬಾರದು, ತಲೆ ತೊಳೆದುಕೊಂಡು ಬನ್ನಿ ಎಂದು ಹಿಂದಿನ ದಿನವೇ ಹೇಳಿದ್ದರು. ಬೆಳಗ್ಗೆ ಲಾಡ್ಜಿನ ಹುಡುಗ ಬಾಗಿಲ ಹತ್ತಿರ ಕುದಿಯುವ ನೀರಿನ ಬಕೆಟ್ಟು ಇಟ್ಟು ಹೋದ. ಶಾಂಪೂ ಹಾಕಿ ನಾನೇ ತಲೆ ತೊಳೆದೆ. ಪರೀಕ್ಷೆಯ ದಿನವೇ, ಪರೀಕ್ಷೆಯ ಸಲುವಾಗಿ ತಲೆ ತೊಳೆದದ್ದರಿಂದಲೇ, ಆ ಲಾಡ್ಜಿನ ಸಿಮೆಂಟ್ ನೆಲದ ಮೇಲೆ ನನ್ನ ಮಗ ಬಿದ್ದ. ಅದನ್ನೂ ಡಾಕ್ಟರಿಗೆ ಹೇಳಿದೆ. ಜ್ವರ ಇತ್ತೇ ಎಂದರು, ಇಲ್ಲ. ತಲೆಗೆ ಪೆಟ್ಟಾಗಿತ್ತೇ, ಇಲ್ಲ. ಮನೆತನದಲ್ಲಿ ಯಾರಿಗಾದರೂ ಇತ್ತೇ, ಗೊತ್ತಿಲ್ಲ. ತಲೆತುಂಬ ತಂತಿ ಅಂಟಿಸಿ ತೆಗೆದ ಗೀಟುಗಳು ನೆಟ್ಟಗಿದ್ದವು. ಹಠದ ಮಗು, ಉಸಿರು ಕಟ್ಟಿಕೊಳ್ಳುತ್ತಾನೆ, ದೊಡ್ಡವನಾದ ಮೇಲೆ ಹೋಗುತ್ತದೆ ಎಂದು ಒಂದು ಸಿರಪ್ಪು ಬರೆದುಕೊಟ್ಟರು. ಅದು ಕುಡಿದ ಮೇಲೆ ಮಗ ಶಾಲೆಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗತೊಡಗಿದ. ಶನಿವಾರ ಮಾತ್ರ ತಪ್ಪಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೇ ಹೋಗುವುದೆಂದು ತೀರ್ಮಾನವಾಯಿತು. ಹುಳು ಪೊರೆ ಬಿಡುವ ನಾಲ್ಕನೆಯ ಜ್ವರದಲ್ಲಿದ್ದವು. ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕುವವರು ಬೇಕು. ನಮ್ಮವರು ಮನೆಯಲ್ಲಿರುವುದು, ನಾನು ತಮ್ಮನನ್ನು ಜೊತೆಗೆ ಕರೆದುಕೊಂಡು ಸೋಮವಾರ ಹೊರಡುವುದು ಎಂದಾಯಿತು. ಅದರ ಹಿಂದಿನ ರಾತ್ರಿ, 2000ದ ಜುಲೈ 30ರಂದು, ಗಾಜನೂರಿನಿಂದ ನಟ ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಹೊತ್ತೊಯ್ದ. ಬೆಳಗ್ಗೆ ರೇಡಿಯೋದಲ್ಲಿ ಅದೇ ಸುದ್ದಿ. ಬೆಂಗಳೂರು ಬಂದ್, ಬಸ್ಸು ಇಲ್ಲ. ನಮ್ಮ ಸೀಮೆಯಲ್ಲಿ ಆ ದಿನಗಳ ಹೆದರಿಕೆ ಬೇರೆಯೇ ಥರದ್ದು. ಕಾಡು ದೂರವಿರಲಿಲ್ಲ. ಊರಿಗೆ ಊರೇ ಅಣ್ಣಾವ್ರಿಗಾಗಿ ಅಳುತ್ತಿತ್ತು. ನಾನು ಕಟ್ಟಿಟ್ಟ ಚೀಲದ ಪಕ್ಕ ಕೂತು ಎರಡಕ್ಕೂ ಸೇರಿಸಿ ಅತ್ತೆ.

ಬಸ್ಸು ಮತ್ತೆ ಓಡಾಡತೊಡಗಿದ ಮೇಲೆ ಹೊರಟೆವು. ಮಳವಳ್ಳಿ, ಕನಕಪುರ, ಬೆಂಗಳೂರು. ಹೊಸೂರು ರಸ್ತೆಯ ಆ ಗೇಟಿನ ಮುಂದೆ ಬೆಳಕು ಹರಿಯುವ ಮೊದಲೇ ಜನ. ರಾಯಚೂರಿನವರು, ಅನಂತಪುರದವರು, ಗಂಡನನ್ನು ಕೈಹಿಡಿದು ತಂದವರು, ಮಗಳನ್ನು ಹೊತ್ತು ತಂದವರು. ಚೀಟಿ ಮಾಡಿಸಿ ಕೂತು ನಮ್ಮ ಹೆಸರು ಬರುವಷ್ಟರಲ್ಲಿ ಹನ್ನೊಂದೂವರೆ.

ಒಳಗಿದ್ದದ್ದು ಎಳೆ ವಯಸ್ಸಿನ ಒಬ್ಬ ಡಾಕ್ಟರಮ್ಮ. ಕನ್ನಡದವರೇ. ನಾನು ಎಂಟು ತಿಂಗಳಿನಿಂದ ಹೇಳಿ ಹೇಳಿ ಬಾಯಿಪಾಠವಾಗಿದ್ದದ್ದನ್ನು ಹೇಳತೊಡಗಿದೆ: ಬಿದ್ದ, ಕೈಕಾಲು ಸೆಟೆಯಿತು, ಜೊಲ್ಲು ಬಂತು. ಅವರು ಪೆನ್ನು ಕೆಳಗಿಟ್ಟರು.

"ಬಿದ್ದ ಮೇಲಿನದು ಆಮೇಲೆ ಹೇಳಿ. ಬೀಳೋದಕ್ಕೆ ಮುಂಚೆ ಏನು ಮಾಡ್ತಿದ್ದ?"

"ಏನೂ ಇಲ್ಲ ಮೇಡಂ. ಬಟ್ಟೆ ಹಾಕ್ಕೋತಿದ್ದ."

"ಅದಕ್ಕೂ ಮುಂಚೆ?"

"ಸ್ನಾನ."

"ಅದರ ಹಿಂದಿನ ಸಲ ಬಂದಾಗ?"

"ದೇವರ ಮನೆ ಹತ್ರ ನಿಂತಿದ್ದ."

"ಅದಕ್ಕೆ ಮುಂಚೆ?"

ನಾನು ಉತ್ತರ ಹೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. ಒಂದೊಂದೇ ಶನಿವಾರ ನೆನಪಾಗುತ್ತಾ ಹೋಯಿತು. ಜಗಲಿಯದು, ಲಾಡ್ಜಿನದು, ಎಳ್ಳುಬತ್ತಿಯ ದಿನದ್ದು. ಎಲ್ಲದರ ಹಿಂದೆಯೂ ನಾನು, ನನ್ನ ಕೈಯಲ್ಲಿ ತಂಬಿಗೆ. ನಾನು ಯಾವತ್ತೂ ಕಥೆಯನ್ನು ಬಿದ್ದಲ್ಲಿಂದಲೇ ಶುರು ಮಾಡುತ್ತಿದ್ದೆ. ಅದರ ಹಿಂದಿನ ಅರ್ಧ ಗಂಟೆಯಲ್ಲಿ ಹೇಳುವಂಥದ್ದು ಏನಾದರೂ ಇರಬಹುದೆಂದು ನನಗೂ ತೋಚಿರಲಿಲ್ಲ, ಕೇಳುವವರಿಗೂ ತೋಚಿರಲಿಲ್ಲ.

"ನನ್ನ ಮಗಳು ಹೇಳಿದ್ಲು ಮೇಡಂ," ಎಂದೆ. "ಅವರಪ್ಪ ಹುಯ್ದ್ರೆ ಬರಲ್ಲ, ನಾನು ಹುಯ್ದ್ರೆ ಬರುತ್ತೆ ಅಂತ."

"ಅವರಪ್ಪ ಯಾವ ನೀರು ಹುಯ್ತಾರೆ?"

"ಪಂಪ್‌ಸೆಟ್ಟಿಂದು. ತಣ್ಣೀರು."

ಡಾಕ್ಟರಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನೀವು ಹೇಗೆ ಹುಯ್ಯುತ್ತೀರಿ, ಮಾಡಿ ತೋರಿಸಿ ಎಂದರು. ಆ ಕೋಣೆಯಲ್ಲಿ, ನನ್ನ ತಮ್ಮನ ಎದುರಿಗೆ, ಬರಿಗೈಯಲ್ಲಿ ನಾನು ಇಲ್ಲದ ಹಂಡೆಯಿಂದ ಇಲ್ಲದ ನೀರು ಮೊಗೆದು ಮಗನ ತಲೆಯ ಮೇಲೆ ಹುಯ್ದು ತೋರಿಸಿದೆ. ಬಿಡುವಿಲ್ಲದೆ, ಒಂದರ ಹಿಂದೆ ಒಂದು. ನಮ್ಮ ಕಡೆ ತಲೆಗೆ ನೀರು ಹುಯ್ಯುವುದೇ ಹಾಗೆ. ಚೆನ್ನಾಗಿ ಕಾಯಿಸಿದ ನೀರು ನೆತ್ತಿಯ ಮೇಲೆ ಧಾರೆ ಬಿದ್ದರೇನೇ ಮೈನೋವು ಹೋಗುವುದು, ಮಗು ನಿದ್ದೆ ಮಾಡುವುದು, ಎಣ್ಣೆ ಬಿಡುವುದು. ಅವರು ಇನ್ನೊಂದು ಪ್ರಶ್ನೆ ಕೇಳಿದರು: "ಹುಯ್ತಾ ಇರುವಾಗ ಅವನು ಸುಮ್ಮನಿರ್ತಾನಾ? ಏನಾದ್ರೂ ಹೇಳ್ತಾನಾ?"

ಹೇಳುತ್ತಿದ್ದ. "ಇನ್ನೂ ಹುಯ್ಯವ್ವ, ಇನ್ನೂ ಹುಯ್ಯಿ" ಎನ್ನುತ್ತಿದ್ದ. ಒಂದೇ ಸಮ, ಕಣ್ಣು ಅರೆಮುಚ್ಚಿಕೊಂಡು. ಬಿಸಿನೀರು ಅವನಿಗೆ ಅಷ್ಟು ಇಷ್ಟ ಎಂದುಕೊಂಡು, ಖುಷಿಯಿಂದ ನಾನು ಇನ್ನೂ ಹತ್ತು ತಂಬಿಗೆ ಹುಯ್ಯುತ್ತಿದ್ದೆ. ಕೆಲವರಲ್ಲಿ ಆ ಬೇಡಿಕೆಯೇ ಮೂರ್ಛೆಯ ಮೊದಲ ಹೆಜ್ಜೆ ಎಂದು ಅವರು ಹೇಳಿದಾಗ ನನ್ನ ಎರಡೂ ಕೈ ತಣ್ಣಗಾದವು.

ಹಿರಿಯ ಡಾಕ್ಟರೊಬ್ಬರು ಬಂದು ನೋಡಿದರು. ಮತ್ತೆ ಇಇಜಿ ಮಾಡಿದರು. ಗೀಟುಗಳು ಈ ಸಲವೂ ನೆಟ್ಟಗೇ ಇದ್ದವು. ಈ ಥರದವರಲ್ಲಿ ಮೂರ್ಛೆ ಇಲ್ಲದ ಹೊತ್ತಿನಲ್ಲಿ ತೆಗೆದರೆ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ, ಗೀಟು ಸರಿಯಿದೆ ಎಂದರೆ ಕಾಯಿಲೆ ಇಲ್ಲ ಎಂದಲ್ಲ, ನೀವು ಹೇಳಿದ್ದೇ ನಮಗೆ ದೊಡ್ಡ ಪರೀಕ್ಷೆ ಎಂದರು. ಬಿಸಿನೀರಿನ ಮೂರ್ಛೆ ಎಂದು ಚೀಟಿಯಲ್ಲಿ ಬರೆದರು. ಬೆಳಕಿನ ಮಿಣುಕಿಗೆ ಕೆಲವರಿಗೆ ಮೂರ್ಛೆ ಬರುವ ಹಾಗೆ, ತಲೆಯ ಮೇಲೆ ಬಿಸಿನೀರು ಬಿದ್ದರೆ ಬರುವಂಥದ್ದು. ನೀರು ಮಾತ್ರ ಕಾರಣವಲ್ಲ, ಬಿಸಿ ಮಾತ್ರವೂ ಅಲ್ಲ. ಅಷ್ಟು ಬಿಸಿಯ ನೀರು ಒಮ್ಮೆಗೇ ನೆತ್ತಿಯ ಮೇಲೆ ಸುರಿಯುವುದು. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು.

"ನಿಮ್ಮ ಸೀಮೆಯದೇ ಕಾಯಿಲೆ ಇದು" ಎಂದರು ಡಾಕ್ಟರಮ್ಮ. ಜಗತ್ತಿನಲ್ಲಿ ಇದನ್ನು ಮೊದಲು ಬರೆದಿಟ್ಟದ್ದು 1945ರಲ್ಲಿ, ನ್ಯೂಜಿಲೆಂಡಿನ ಹತ್ತು ವರ್ಷದ ಒಬ್ಬ ಹುಡುಗನಲ್ಲಿ. ಬೇರೆ ದೇಶಗಳಲ್ಲಿ ಕೆಲವೇ ಜನ. ನಮ್ಮ ಮೈಸೂರು ಸೀಮೆಯಲ್ಲಿ ಮಾತ್ರ ನೂರಾರು ಜನ. ಡಾ. ಕೆ. ಎಸ್. ಮಣಿ 1968ರಲ್ಲೇ ಇದರ ಬಗ್ಗೆ ಬರೆದಿದ್ದರು. ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ಜನರನ್ನು ನೋಡಿ ಬರೆದದ್ದು 1988ರಲ್ಲಿ ಅಚ್ಚಾಗಿತ್ತು. ನನ್ನ ಮಗ ಹುಟ್ಟುವುದಕ್ಕೂ ಎಷ್ಟೋ ಮೊದಲು. ನಮ್ಮ ಪಕ್ಕದ ಯಳಂದೂರಿನಲ್ಲಿ ಮಣಿಯವರ ತಂಡ ಮನೆಮನೆ ತಿರುಗಿ ಮೂರ್ಛೆಯವರನ್ನು ಹುಡುಕಿ ಔಷಧ ಕೊಟ್ಟಿತ್ತು ಎಂಬುದನ್ನು ನಾನು ತಿಳಿದದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಷ್ಟು ಹತ್ತಿರದಲ್ಲಿ ಗೊತ್ತಿದ್ದ ವಿಷಯ ನಮ್ಮ ಬಚ್ಚಲುಮನೆಯವರೆಗೆ ಬಂದಿರಲಿಲ್ಲ. ಈ ಮಾತಿಗೆ ಬಂದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಎಷ್ಟು ಮಕ್ಕಳು, ಎಷ್ಟು ಶನಿವಾರಗಳು, ಎಷ್ಟು ಎಳ್ಳುಬತ್ತಿಗಳು.

ಡಾಕ್ಟರಮ್ಮ ಹೇಳಿಕೊಟ್ಟದ್ದನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನೀರು ಉಗುರು ಬೆಚ್ಚಗಿರಲಿ. ಮೊದಲು ಕಾಲಿಗೆ, ಮೈಗೆ. ತಲೆಗೆ ಕೊನೆಯಲ್ಲಿ, ಅದೂ ಧಾರೆಯಾಗಿ ಬೇಡ, ಕೈಯಲ್ಲಿ ತೇವ ಮಾಡುತ್ತಾ. ಒಬ್ಬನೇ ಬಾಗಿಲು ಹಾಕಿಕೊಂಡು ಸ್ನಾನ ಮಾಡಬಾರದು. ತಲೆಸ್ನಾನದ ದಿನ ಒಂದೂವರೆ ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ, ಅವರು ಬರೆದಷ್ಟೇ, ದಿನಾ ಬೇಡ. ಹಳೆಯ ಸಿರಪ್ಪನ್ನು ಹೇಗೆ ಕಡಿಮೆ ಮಾಡುತ್ತಾ ಬಿಡಬೇಕೆಂದು ಬೇರೆ ಬರೆದುಕೊಟ್ಟರು. ಮುಂದೆ ನೀರಿಲ್ಲದೆಯೂ ಬಂದರೆ ತಕ್ಷಣ ಬರಬೇಕು, ಕೆಲವರಿಗೆ ಹಾಗಾಗುವುದುಂಟು ಎಂದರು. ಬಂದಾಗ ಕೈಗೆ ಕಬ್ಬಿಣ ಬೇಡ, ಮೂಗಿಗೆ ಈರುಳ್ಳಿ ಬೇಡ, ಬಾಯಿಗೆ ಏನೂ ಹಾಕಲೇಬಾರದು. ಒಂದು ಮಗ್ಗುಲಿಗೆ ಹೊರಳಿಸಿ ಕಾಯಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆ. ಮಗನನ್ನು ಬೆಂಚಿನ ಮೇಲೆ ಮಲಗಿಸಿ, ಹೇಗೆ ಹೊರಳಿಸಬೇಕೆಂದು ನನ್ನ ಕೈಯಿಂದಲೇ ಮಾಡಿಸಿದರು. ಅವನಿಗೆ ಕಚಗುಳಿಯಾಗಿ ನಕ್ಕ.

"ನೀವು ಈಗ ಹುಯ್ಯೋ ನೀರು ಎಷ್ಟು ಬಿಸಿ ಅಂತ ಗೊತ್ತಾ?" ಎಂದು ಹೊರಡುವಾಗ ಕೇಳಿದರು. ಗೊತ್ತಿರಲಿಲ್ಲ.

ಊರಿಗೆ ಬಂದ ರಾತ್ರಿಯೇ ನೋಡಿದೆ. ಹುಳುಮನೆಯ ಗೋಡೆಯಲ್ಲಿ ಥರ್ಮಾಮೀಟರು ತೂಗುಹಾಕಿತ್ತು. ಹುಳು ಸಾಕುವವರಿಗೆ ಅದಿಲ್ಲದೆ ಆಗುವುದಿಲ್ಲ. ಇಪ್ಪತ್ತೈದು ಡಿಗ್ರಿಯ ಆಚೀಚೆ ಸ್ವಲ್ಪ ಏರಿದರೂ ಇಳಿದರೂ ಗೂಡು ಕೆಡುತ್ತದೆ. ರಾತ್ರಿ ಎದ್ದು ಎದ್ದು ನೋಡಿ, ಚಳಿಗೆ ಕೆಂಡ ಇಟ್ಟು, ಸೆಖೆಗೆ ಗೋಣಿತಾಟು ತೋಯಿಸಿ ಕಟ್ಟಿ, ಆ ಹುಳುಗಳನ್ನು ಸಾಕುತ್ತಿದ್ದೆವು. ಅದನ್ನು ಬಿಚ್ಚಿ ತಂದು, ಶನಿವಾರ ನಾನು ಹದ ಮಾಡುತ್ತಿದ್ದ ಹಾಗೆಯೇ ಹಂಡೆಯ ನೀರನ್ನು ಬಕೆಟ್ಟಿಗೆ ಬೆರೆಸಿ, ಅದರಲ್ಲಿ ಅದ್ದಿದೆ. ಕೆಂಪುಗೆರೆ ಸರಸರ ಏರಿತು. ನಲವತ್ತು ದಾಟಿತು. ನಲವತ್ತೇಳಕ್ಕೆ ಬಂದು ನಿಂತಿತು. ನಮ್ಮವರು ಲಾಟೀನು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದರು. ಇಬ್ಬರೂ ಮಾತಾಡಲಿಲ್ಲ. ಹುಳುವಿಗೆ ಅಳೆದು ಬಿಸಿ ಕೊಡುತ್ತಿದ್ದ ಮನೆ ನಮ್ಮದು.

ಆಮೇಲೆ ಚಾಪೆಯ ಹತ್ತಿರ ಹೋಗಿ ಮಗಳನ್ನು ಎಬ್ಬಿಸಿದೆ. "ನೀ ಹೇಳಿದ್ದೇ ನಿಜ ಕಣವ್ವ" ಎಂದೆ. ನಿದ್ದೆಗಣ್ಣಿನಲ್ಲಿ ಅವಳಿಗೆ ಯಾವ ಮಾತು ಎಂದು ಹೊಳೆಯಲಿಲ್ಲ. ನೀರಿನದು ಎಂದೆ. ಅವಳು ಎದ್ದು ಕೂತು, "ಹಂಗಾದ್ರೆ ಇನ್ಮೇಲೆ ಅವ್ನಿಗೆ ನಾನೇ ನೀರು ಹುಯ್ತೀನಿ" ಎಂದಳು.

ಅತ್ತೆಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಎಣ್ಣೆ ಬಿಡುತ್ತದೆಯೇ, ಮಗುವಿಗೆ ಶೀತವಾಗುವುದಿಲ್ಲವೇ ಎಂದು ವಾದಿಸಿದರು. ಒಂದು ಶನಿವಾರ ಏನೂ ಆಗದೆ ಹೋಯಿತು. ಎರಡು, ಮೂರು. ಆರನೆಯ ಶನಿವಾರ ಅತ್ತೆಯೇ ಹುಳುಮನೆಗೆ ಹೋಗಿ ಥರ್ಮಾಮೀಟರು ಬಿಚ್ಚಿ ತಂದು ನನ್ನ ಕೈಗೆ ಕೊಟ್ಟು, "ಮೂವತ್ತೇಳಕ್ಕೆ ನಿಲ್ಲಿಸು" ಎಂದರು. ಅವರಿಗೆ ಓದಲು ಬರುತ್ತಿರಲಿಲ್ಲ. ಹುಳುವಿನ ಸಲುವಾಗಿ ಅಂಕಿ ಮಾತ್ರ ಕಲಿತಿದ್ದರು.

ಆ ವರ್ಷದ ದೀಪಾವಳಿಗೆ ಹೆಚ್ಚು ಸಡಗರವಿರಲಿಲ್ಲ, ರಾಜ್‌ಕುಮಾರ್ ಇನ್ನೂ ಕಾಡಿನಲ್ಲೇ ಇದ್ದರು. ನರಕಚತುರ್ದಶಿಯ ಬೆಳಗಿನ ಜಾವ ನಾಲ್ಕು ಗಂಟೆಗೆ ಮಗನನ್ನು ಎಬ್ಬಿಸಿ ಮಾತ್ರೆ ಕೊಟ್ಟೆ. ಐದೂವರೆಗೆ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತ. ಕಾಲಿಗೆ ಹುಯ್ದೆ, ಬೆನ್ನಿಗೆ ಹುಯ್ದೆ. ತಲೆಯ ಸರದಿ ಬಂದಾಗ ಕೈ ಮೇಲೇಳಲಿಲ್ಲ. ಮಗಳು ನನ್ನ ಕೈಯಿಂದ ಚೊಂಬು ತೆಗೆದುಕೊಂಡು, ಅಂಗೈಯಲ್ಲಿ ಸ್ವಲ್ಪ ಸ್ವಲ್ಪವೇ ನೀರು ಹಿಡಿದು ಅವನ ನೆತ್ತಿ ನೆನೆಸಿದಳು. ನಾನು ಅವನ ಬಾಯನ್ನೇ ನೋಡುತ್ತಿದ್ದೆ, ಇನ್ನೂ ಹುಯ್ಯಿ ಎನ್ನುತ್ತಾನೇನೋ ಎಂದು. "ಸಾಕು ಕಣೆ, ಚಳಿ" ಎಂದ.

ಆಮೇಲೆ ಬರಲೇ ಇಲ್ಲ ಎಂದಲ್ಲ. 2002ರಲ್ಲಿ ನೆಂಟರ ಮನೆಯ ಮದುವೆಯಲ್ಲಿ, ಯಾರೋ ಪ್ರೀತಿಯಿಂದ ಎರಡು ಚೊಂಬು ಬಿಸಿನೀರು ಹುಯ್ದು ಒಮ್ಮೆ ಬಂತು. ನಾನು ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡುತ್ತಾ ಕೂತೆ. ಒಂದೂವರೆ ನಿಮಿಷ. ಅದೇ ಕೊನೆಯದು. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಡಾಕ್ಟರು ಮಾತ್ರೆಯನ್ನೂ ನಿಲ್ಲಿಸಿದರು.

ಇಷ್ಟು ಹೇಳುವಷ್ಟರಲ್ಲಿ ಒಲೆಯಲ್ಲಿ ಕಡ್ಡಿ ತೀರಿ ಕೆಂಡ ಮಾತ್ರ ಉಳಿದಿತ್ತು. ಮೊಮ್ಮಗಳು ಅಪ್ಪನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಕೆಲವು ಮನೆಗಳಲ್ಲಿ ಇದು ರಕ್ತದಲ್ಲಿ ಮುಂದುವರಿಯುವುದುಂಟು ಎಂದು ಆಗಲೇ ಡಾಕ್ಟರಮ್ಮ ಹೇಳಿದ್ದರು. ಅದನ್ನು ಅವಳಿಗೆ ಹೇಳಲಿಲ್ಲ. ಅವಳಪ್ಪನಿಗೆ ಗೊತ್ತಿದೆ. "ನಂಗೆ ನಾಳೆ ಯಾರು ನೀರು ಹುಯ್ಯೋದು?" ಎಂದಳು.

ಬೆಳಗ್ಗೆ ಅವನೇ ಹುಯ್ದ. ಹಂಡೆಯ ನೀರು ಬೆರೆಸಿ, ಥರ್ಮಾಮೀಟರು ನೋಡಿ, ಅದು ಸಾಲದೆಂಬಂತೆ ಮೊಣಕೈಯನ್ನೂ ಅದ್ದಿ ನೋಡಿ, ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿದ.

"ಅವ್ವ, ಇನ್ನೊಂದು ಚೊಂಬು ತಣ್ಣೀರು ಹುಯ್ಯಿ."